ಇಪ್ಪತ್ತು ನಿಮಿಷದ ಔಷಧಿ, ನಲವತ್ತೇಳು ನಿಮಿಷದ ಫೋನು

ಹೆಂಡತಿಯ ತಲೆ ತಿನ್ನುವ ಗಂಡಂದಿರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಲೆಯ ಜೊತೆಗೆ ತಲೆಗೂದಲನ್ನೂ ತಿಂದುಹಾಕಿದವನು ಬಹುಶಃ ನಾನೊಬ್ಬನೇ. ಅದೂ ಪೂರ್ತಿ ತಲೆಯದಲ್ಲ, ಅರ್ಧದ್ದು. ಎಡಭಾಗದ್ದು. ಇಷ್ಟೆಲ್ಲ ಆದ ಮೇಲೂ ಅದೇ ಹೆಂಡತಿಯ ಕೈಯಿಂದ ದಿನಾ ಬೆಳಗ್ಗೆ ನನಗೆ ಟೀ ಸಿಗುತ್ತಿದೆ. ಕೈಗೇ ಸಿಗುತ್ತಿದೆ, ಮೈಮೇಲೆ ಬೀಳುತ್ತಿಲ್ಲ. ಆ ಒಂದು ಕೃತಜ್ಞತೆಯಿಂದ ಇದನ್ನು ಬರೆಯಲು ಕೂತಿದ್ದೇನೆ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಅದೇ ಪಾಠ, ಅದೇ ಸೀಮೆಸುಣ್ಣ, ಅದೇ ನಾಲ್ಕು ಜೋಕು. ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅಂಥದೊಂದು ನಮ್ಮ ಮನೆಯಲ್ಲೂ ಇದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ನೆಂಟರ ಮುಂದೆ ನಾನು ಸ್ವಲ್ಪ ವೇಗವಾಗಿ ಮಾತಾಡತೊಡಗಿದರೆ ಅದು ಬೀಳುತ್ತದೆ. ನಾನು ಜರ್ಕು ಹೊಡೆದು ನಿಲ್ಲುತ್ತೇನೆ. "ಕನ್ನಡಿ ನೋಡ್ಕೊಂಡು ಮಾತಾಡಿ" ಎಂದು ಅವಳು ಮೆಲ್ಲಗೆ ಹೇಳುತ್ತಾಳೆ. ಹಿಂದೆ ಅವಳ ಅಣ್ಣ ನಿಂತಿರುತ್ತಾನೆ.

ಅವಳ ಕೂದಲು ಗುಂಗುರು. ಸುಮ್ಮನೆ ಅಲೆಅಲೆಯಾಗಿ ಬರುವ ಗುಂಗುರಲ್ಲ, ಎಳೆದುಬಿಟ್ಟರೆ ಟಣ್ ಎಂದು ಹಿಂದಕ್ಕೆ ಹೋಗುವ ಸ್ಪ್ರಿಂಗು ಗುಂಗುರು. ನಡುಬೆನ್ನಿನ ತನಕ ಇತ್ತು. ನನ್ನ ಕೆಂಪು ಪೆನ್ನು ಒಮ್ಮೆ ಎರಡು ದಿನ ಆ ತುರುಬಿನಲ್ಲೇ ತಂಗಿತ್ತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರ ಮೇಲೂ ಅನುಮಾನಪಟ್ಟಿದ್ದೆ. ಕಿಟಕಿ ಇಳಿಸಿ ಕಾರು ಓಡಿಸಿದರೆ ಅದು ಗಾಳಿಗೆ ಎದ್ದು ಅವಳ ಕಣ್ಣಿಗೂ ಪಕ್ಕದವರ ಕಣ್ಣಿಗೂ ಬಡಿಯುತ್ತಿತ್ತು. ನನಗೆ ಆ ಕೂದಲು ಬಹಳ ಇಷ್ಟ. (ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಆಮೇಲೆ ಆದ ಅನಾಹುತಕ್ಕೆಲ್ಲ ಮೊದಲ ಕಾರಣ ಇದೇ ಅಂತ ಈಗ ಅನ್ನಿಸುತ್ತದೆ.)

ಒಂದು ಶನಿವಾರ ಸಂಜೆ ಇವಳು ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಕನ್ನಡಿಯ ಮುಂದೆ ನಿಂತಳು.

"ರೀ, ನನ್ನ ಫೋಟೋ ಹಾಕ್ತಾರಂತೆ."

ಹಾಗೆಂದಾಗ ನನಗೆ ಗಾಬರಿಯಾಯಿತು. ನಮ್ಮ ಕಡೆ ಪೇಪರಿನಲ್ಲಿ ಫೋಟೋ ಹಾಕುವುದು ಹೆಚ್ಚಾಗಿ ಎರಡೇ ಸಂದರ್ಭಕ್ಕೆ.

"ಎಲ್ಲಿ?"

"ಸ್ಕೂಲಿನ ಬೋರ್ಡ್ ಮೇಲೆ, ಆರೂ ಕಾರಿನ ಬಾಗಿಲ ಮೇಲೆ. ಹತ್ತೊಂಬತ್ತು ವರ್ಷ, ಒಂದೂ ಅಪಘಾತ ಇಲ್ಲ ಅಂತ ಬರೆಸ್ತಾರಂತೆ. ಬರೋ ಗುರುವಾರ ಫೋಟೋಗ್ರಾಫರ್ ಬರ್ತಾನೆ ಅಂತ ಮಾಲೀಕರು ಹೇಳಿದ್ರು."

ನಾನೂ ನಮ್ಮ ಮಗಳೂ ಚಪ್ಪಾಳೆ ಹೊಡೆದೆವು. ಇವಳು ನಗಲಿಲ್ಲ. ಎರಡೂ ಕೈಯಿಂದ ಕೂದಲನ್ನು ತಲೆಗೆ ಒತ್ತಿ ಹಿಡಿದು, "ಈ ಪೊದೆ ಇಟ್ಕೊಂಡು ಆರು ಕಾರಿನ ಮೇಲೆ ಊರೆಲ್ಲ ಸುತ್ತಬೇಕಾ? ನೇರ ಮಾಡಿಸ್ಕೊಂಡು ಬರ್ತೀನಿ" ಎಂದು ಹೇಳಿ, ಬಿಡದೆ ಇದ್ದ ಚಪ್ಪಲಿಯಲ್ಲೇ ಬೀದಿಯ ಕೊನೆಯ ಪಾರ್ಲರಿಗೆ ಹೊರಟಳು.

ಅರ್ಧ ಗಂಟೆಗೆ ವಾಪಸು ಬಂದಳು. ಕೂದಲು ಹೋದ ಹಾಗೇ ಇತ್ತು, ಮುಖ ಮಾತ್ರ ಊದಿತ್ತು.

"ಆ ಅಕ್ಕ ಮಾಡಲ್ಲ ಅಂದ್ಲು."

ಪಾರ್ಲರ್ ನಡೆಸುವಾಕೆಯನ್ನು ಬೀದಿಯವರೆಲ್ಲ ಅಕ್ಕ ಅನ್ನುತ್ತಾರೆ. ಆಕೆ ಇವಳ ಕೂದಲನ್ನು ಬೆರಳಲ್ಲಿ ಉಜ್ಜಿ ನೋಡಿ, ಬಣ್ಣ ಹಾಕಿದ್ದೀರಾ ಎಂದು ಕೇಳಿದಳಂತೆ. ಇವಳು ಎರಡು ತಿಂಗಳಿಗೊಮ್ಮೆ ಅಂದಳಂತೆ. "ಬಣ್ಣಕ್ಕೇ ಈ ಕೂದಲು ಸುಸ್ತಾಗಿದೆ ಮೇಡಂ. ಇದರ ಮೇಲೆ ಸ್ಟ್ರೇಟನಿಂಗ್ ಔಷಧಿ ಬಿದ್ರೆ ತಡೆಯಲ್ಲ. ಬೇಕಾದ್ರೆ ಫೋಟೋ ದಿನ ಚೆನ್ನಾಗಿ ಬಾಚಿ ಕಟ್ಟಿಕೊಡ್ತೀನಿ" ಅಂದಳಂತೆ.

ಒಬ್ಬ ಪ್ರಾಮಾಣಿಕ ಹೆಂಗಸು, ಬಂದ ಗಿರಾಕಿಯನ್ನು ತಾನೇ ವಾಪಸು ಕಳಿಸಿದ್ದಾಳೆ. ಯಾವ ಬುದ್ಧಿವಂತ ಗಂಡನಾದರೂ ಅಲ್ಲಿಗೆ ಕೈಮುಗಿದು ಸುಮ್ಮನಾಗುತ್ತಿದ್ದ. ನನ್ನೊಳಗಿನ ವಿಜ್ಞಾನಿ ಮಾತ್ರ ಸುಮ್ಮನಿರಲಿಲ್ಲ.

"ಅವಳಿಗೇನು ಗೊತ್ತು?" ಅಂದೆ. "ಗಂಧಕದ ಬಂಧ ಅಂದ್ರೆ ಏನು ಅಂತ ಕೇಳಿದ್ಯಾ?"

"ಯಾವ ಗಂಧ?"

ನಾನು ಒಂದು ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಚಿತ್ರ ಬರೆದೆ. ಕೂದಲು ಅಂದರೆ ಪ್ರೋಟೀನಿನ ಉದ್ದನೆಯ ಸರಪಳಿ. ಸರಪಳಿಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಗಂಧಕದ ಬಂಧಗಳು. ಆ ಮೆಟ್ಟಿಲು ಎಲ್ಲೆಲ್ಲಿ ಕೂತಿದೆಯೋ ಅದರ ಪ್ರಕಾರ ಕೂದಲು ಸುರುಳಿಯೋ ನೇರವೋ ಆಗಿ ನಿಲ್ಲುತ್ತದೆ. ಒಂದು ಔಷಧಿ ಹಾಕಿ ಮೆಟ್ಟಿಲು ಕೀಳಬೇಕು, ಕೂದಲನ್ನು ನೇರವಾಗಿ ಬಾಚಬೇಕು, ಇನ್ನೊಂದು ಔಷಧಿ ಹಾಕಿ ಮೆಟ್ಟಿಲನ್ನು ಹೊಸ ಜಾಗದಲ್ಲಿ ಕೂರಿಸಬೇಕು. ಮುಗೀತು!

"ಇಷ್ಟೇನಾ?" ಅಂದಳು.

"ಇಷ್ಟೇ. ಒಂದು ಕೂದಲೂ ಕೊಂಕದ ಹಾಗೆ ನಾನೇ ಮಾಡಿಕೊಡ್ತೀನಿ, ಮನೇಲೇ."

ಒಂದು ಕೂದಲೂ ಕೊಂಕಬಾರದು ಅನ್ನುವುದೇ ಅವಳ ಬೇಡಿಕೆಯೂ ಆಗಿದ್ದರಿಂದ ಮಾತು ಅಲ್ಲಿಗೆ ನಿಂತಿತು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ಒಬ್ಬ ತಜ್ಞನನ್ನು ನೋಡುವ ಹಾಗೆ ನೋಡಿದಳು. ಆ ನೋಟಕ್ಕೆ ನಾನು ಅವಳ ಕೂದಲೇನು, ಮನೆಯ ಚಾವಣಿಯನ್ನೂ ನೇರ ಮಾಡಿಕೊಡುತ್ತೇನೆ ಅನ್ನುತ್ತಿದ್ದೆ.

ಭಾನುವಾರ ಬೆಳಗ್ಗೆ ಅಂಗಡಿಯಿಂದ ಒಂದು ಡಬ್ಬಿ ತಂದೆ. ಒಳಗೆ ಎರಡು ಟ್ಯೂಬು, ಒಂದು ಬಾಚಣಿಗೆ, ನಾಲ್ಕು ಮಡಿಕೆಯ ಒಂದು ಕಾಗದ. ಆ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಬಣ್ಣ ಹಾಕಿದ ಕೂದಲಿಗೆ ಬಳಸಬೇಡಿ. ಮೊದಲು ಒಂದು ಎಳೆಗೆ ಹಚ್ಚಿ ಪರೀಕ್ಷಿಸಿ. ಇಪ್ಪತ್ತು ನಿಮಿಷ ಮೀರಬಾರದು.

ಮೊದಲ ಎರಡು ಸಾಲು ಓದಿ ನಾನು ನಕ್ಕೆ. ಕಂಪನಿಯವರು ತಮ್ಮ ಮೇಲೆ ಬರದಿರಲಿ ಅಂತ ಏನೇನೋ ಬರೆಯುತ್ತಾರೆ ಎಂದುಕೊಂಡೆ. ಸೂಚನೆ ಓದದೆ ಪ್ರಯೋಗಕ್ಕೆ ಕೈಹಾಕಿದಳು ಅಂತ ಅದೇ ವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಹೊರಗೆ ನಿಲ್ಲಿಸಿದ್ದೆ. ಅವಳು ಓದಿರಲಿಲ್ಲ, ನಾನು ಓದಿಯೂ ಕೈಹಾಕಿದೆ. ಯಾರು ಹೊರಗೆ ನಿಲ್ಲಬೇಕಿತ್ತು ಹೇಳಿ.

ಬಚ್ಚಲುಮನೆಯ ಪಕ್ಕದ ಜಾಗವೇ ಪ್ರಯೋಗಾಲಯವಾಯಿತು. ನಾನು ಲ್ಯಾಬಿನ ಕೋಟು, ಕೈಗವಸು, ಕನ್ನಡಕ ಎಲ್ಲ ಧರಿಸಿ ನಿಂತೆ. ಇವಳು ಹಳೆಯ ಚಾದರ ಹೊದ್ದು ಸ್ಟೂಲಿನ ಮೇಲೆ ಕೂತಳು. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ನಿಂಗೆ ಗ್ಯಾರಂಟಿನಾ?" ಅಂದಳು.

"ನಾನು ಯಾರು ಅಂದ್ಕೊಂಡಿದ್ದೀಯ?"

"ಅದಕ್ಕೇ ಕೇಳಿದ್ದು" ಅಂತ ಹೇಳಿ ಅವಳು ಗ್ರಂಥಾಲಯಕ್ಕೆ ಹೋದಳು.

ಮೊದಲ ಟ್ಯೂಬು ಒತ್ತಿದೆ. ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬ ಎದ್ದಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಶಬ್ದ ಕೇಳಿಸಿತು. "ಗಂಧಕ!" ಎಂದು ನಾನು ಹೆಮ್ಮೆಯಿಂದ ಹೇಳಿದೆ, ನನ್ನ ಮನೆತನದವನೊಬ್ಬ ಬಂದ ಹಾಗೆ. ಕೂದಲನ್ನು ಭಾಗ ಮಾಡಿ ಎಡಗಡೆಯಿಂದ ಶುರುಮಾಡಿದೆ. ಹಚ್ಚಿದೆ, ಬಾಚಿದೆ. ಸ್ಪ್ರಿಂಗುಗಳು ಒಂದೊಂದಾಗಿ ಶರಣಾಗಿ ಮಲಗಿದವು. ಎಡಭಾಗ ಮುಗಿಸಿ, ಗಡಿಯಾರ ಒತ್ತಿ, ಬಲಭಾಗಕ್ಕೆ ಕೈಯಿಡಬೇಕು, ಅಷ್ಟರಲ್ಲಿ ಇವಳ ಫೋನು ಹೊಡೆದುಕೊಂಡಿತು.

ಮಾಡಿದ್ದು ಇವಳ ಹತ್ತಿರ ಕಲಿತ ಒಬ್ಬ ನಿವೃತ್ತ ನರ್ಸಮ್ಮ. ಅರವತ್ತು ದಾಟಿದ ಮೇಲೆ ಕಾರು ಕಲಿತು, ಹಿಂದಿನ ವಾರವಷ್ಟೇ ಲೈಸೆನ್ಸು ತೆಗೆದುಕೊಂಡು, ಅವತ್ತು ಮೊದಲ ಸಲ ಒಬ್ಬರೇ ಹೊರಟಿದ್ದರು. ದೊಡ್ಡ ವೃತ್ತದ ನಟ್ಟನಡುವೆ ಕಾರು ನಿಂತುಹೋಗಿದೆ. ಸುತ್ತ ಬಸ್ಸು, ಲಾರಿ, ಹಾರ್ನು. ಅವರು ಅಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು.

"ಅಳಬೇಡಿ ಅಮ್ಮ" ಎಂದು ಇವಳು ಬಲಗಿವಿಗೆ ಫೋನಿಟ್ಟು ಹೇಳಿದಳು. "ಹಾರ್ನ್ ಹೊಡೆಯೋರು ಹೊಡೀಲಿ, ಅವರ ಬ್ಯಾಟರಿ ಅವರದು. ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಹಾಕಿದ್ರಾ? ಕೈಬ್ರೇಕ್ ಎಳೀರಿ. ಈಗ ದೊಡ್ಡದಾಗಿ ಉಸಿರು ತಗೊಳ್ಳಿ."

ನಾನೂ ಉಸಿರು ತೆಗೆದುಕೊಂಡೆ. ಮೊಟ್ಟೆ.

ಹತ್ತು ನಿಮಿಷವಾಯಿತು. ಕಾರು ಶುರುವಾಯಿತು, ಎರಡು ಮಾರು ಹೋಯಿತು, ಮತ್ತೆ ನಿಂತಿತು. ಹದಿನೆಂಟು ನಿಮಿಷವಾಯಿತು. ನಾನು ಗಡಿಯಾರವನ್ನು ಇವಳ ಮುಖದ ಮುಂದೆ ಹಿಡಿದೆ. ಇವಳು ಕೈ ಬೀಸಿದಳು. ಇಪ್ಪತ್ತಾಯಿತು. ತಂಬಿಗೆ ತೋರಿಸಿ ನೀರು ಸುರಿಯುವ ಅಭಿನಯ ಮಾಡಿದೆ. ಇವಳು ಫೋನಿಗೆ ಕೈ ಅಡ್ಡ ಹಿಡಿದು, "ನೀರು ಸುರಿದ್ರೆ ಅವರ ಮಾತು ಕೇಳಿಸಲ್ಲ ರೀ, ಪಕ್ಕದಲ್ಲಿ ಲಾರಿ ಇದೆ!" ಅಂದಳು. ಇಪ್ಪತ್ತೆಂಟು. ಮೂವತ್ತೈದು. "ಎಡಕ್ಕೆ ಅಮ್ಮ, ಎಡಕ್ಕೆ... ನಿಮ್ಮ ಎಡಕ್ಕೆ!"

ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ಒಬ್ಬ ಮೇಷ್ಟ್ರು ಫೋನು ಕಿತ್ತುಕೊಂಡು ತಾನೇ ಮಾತಾಡಿ, ಹೆಂಡತಿಯನ್ನು ನಲ್ಲಿಯ ಕೆಳಗೆ ತಳ್ಳಬೇಕಿತ್ತು. ನಾನು ಹಾಗೆ ಮಾಡದೆ ಇರಲು ಅವಳ ಮೇಲಿನ ಭಯ ಅರ್ಧ ಕಾರಣ. ಇನ್ನರ್ಧ ಕಾರಣ, ಇನ್ನೂ ಹತ್ತು ನಿಮಿಷ ಇದ್ದರೆ ಇನ್ನೂ ನೇರವಾಗಬಹುದು ಎಂಬ ದುರಾಸೆ. ಟೀ ಪುಡಿಯನ್ನು ಇನ್ನೊಂದು ಕುದಿ ಕುದಿಸುವ ಲೆಕ್ಕದಲ್ಲೇ ನಾನು ನಿಂತಿದ್ದೆ.

ನಲವತ್ತೇಳನೇ ನಿಮಿಷಕ್ಕೆ ನರ್ಸಮ್ಮ ಅವರ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿದರು. ಇವಳು ಫೋನು ಇಟ್ಟು, ಗೆದ್ದವಳ ಹಾಗೆ ನಕ್ಕು, "ಸೇರಿದ್ರು ರೀ!" ಅಂದಳು. ಆಮೇಲೆ ಎಡಗಿವಿಯ ಹಿಂದೆ ಮುಟ್ಟಿಕೊಂಡು, "ಇಲ್ಲಿ ಯಾಕೋ ಉರೀತಿದೆ" ಅಂದಳು.

ತಲೆಗೆ ನೀರು ಹಾಕಿದೆ. ನೆನೆದ ಕೂದಲು ಕೈಗೆ ಕೂದಲಿನ ಹಾಗೆ ಸಿಗಲಿಲ್ಲ, ಅಗಿದು ಬಿಟ್ಟ ಬಬಲ್ ಗಮ್ಮಿನ ಹಾಗೆ ಸಿಕ್ಕಿತು. ಎಳೆದರೆ ಉದ್ದವಾಗುತ್ತಿತ್ತು, ಬಿಟ್ಟರೆ ವಾಪಸು ಹೋಗುತ್ತಿರಲಿಲ್ಲ. ಇನ್ನೊಂದು ತಂಬಿಗೆ ಸುರಿದೆ. ಒಂದು ಹಿಡಿ ಎಳೆಗಳು ನೀರಿನ ಜೊತೆ ನನ್ನ ಬೆರಳ ಸಂದಿಯಿಂದ ಇಳಿದು ಬಚ್ಚಲ ಜಾಲರಿಯ ಮೇಲೆ ಮಲಗಿದವು. ನೇರವಾಗಿಯೇ ಮಲಗಿದ್ದವು. ನಾನು ಗಡಿಬಿಡಿಯಿಂದ ಎರಡನೇ ಟ್ಯೂಬು ಹಚ್ಚಿದೆ. ಅಳಿದ ಮೆಟ್ಟಿಲು ಕೂರಿಸಲು ಏಣಿಯಾದರೂ ಉಳಿದಿರಬೇಕಲ್ಲ!

ಅವಳು ಎದ್ದು ಕನ್ನಡಿಯ ಮುಂದೆ ನಿಂತಳು. ಬಲಗಡೆ ನಡುಬೆನ್ನಿನ ತನಕ ಗುಂಗುರು ಹಾಗೇ ಇತ್ತು. ಎಡಗಡೆ ಕಿವಿಯ ಮಟ್ಟಕ್ಕೆ ಹಳೆಯ ಬ್ರಶ್ಶಿನ ಹಾಗೆ ಒಂದಿಷ್ಟು ಮೋಟು.

ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಒಳಗೆ ಹೋಗಿ ತಲೆಗೆ ಒಂದು ಬಟ್ಟೆ ಕಟ್ಟಿಕೊಂಡು ಬಂದು ಮಧ್ಯಾಹ್ನದ ಅಡುಗೆಗೆ ತರಕಾರಿ ಹೆಚ್ಚತೊಡಗಿದಳು. ಚಾಕು ಹಲಗೆಗೆ ತಾಗುವ ಶಬ್ದ ಬಿಟ್ಟರೆ ಮನೆಯಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. ಪ್ರತಿ ತುಂಡಿಗೂ ನಾನು ಬೆಚ್ಚುತ್ತಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

ಮಗಳು ಬಂದು ಅಮ್ಮನನ್ನು ನೋಡಿದಳು, ಬಚ್ಚಲ ಜಾಲರಿ ನೋಡಿದಳು, ನನ್ನ ಲ್ಯಾಬಿನ ಕೋಟು ನೋಡಿದಳು. "ಅಪ್ಪಾ, ಈಗ್ಲೇ ಹೋಗಿ ಆ ಅಕ್ಕನ್ನ ಕೇಳು."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರೋದು ಒಂದೇ ಅಲ್ವಾ, ಅದನ್ನೇ ಇಟ್ಕೊಂಡು ಹೋಗು."

ಹೋದೆ. ಪಾರ್ಲರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಆಕೆಯದು ಮಳೆನೀರು ಇಳಿದ ಹಾಗೆ ನೇರವಾದ ಕೂದಲು. "ನಂಗೆ ಗುಂಗುರು ಬೇಕು, ಪರ್ಮಿಂಗ್ ಮಾಡಿ" ಎಂದು ಆಕೆ ಬೇಡಿಕೊಳ್ಳುತ್ತಿದ್ದಳು. ಈ ಲೋಕದಲ್ಲಿ ತನ್ನ ತಲೆಯ ಮೇಲಿರುವುದನ್ನು ಮೆಚ್ಚಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಆ ದುಃಖದಲ್ಲೂ ಯೋಚಿಸಿದೆ.

ನಾನು ನಡೆದದ್ದನ್ನೆಲ್ಲ ಹೇಳಿದೆ. ಗಂಧಕದ ಬಂಧದ ಭಾಗ ಬಿಟ್ಟು. ಅಕ್ಕ 'ನಾನು ಹೇಳಿರಲಿಲ್ವಾ' ಅನ್ನಲಿಲ್ಲ. ಆ ಒಂದು ಮಾತು ಅನ್ನದೆ ಇದ್ದುದಕ್ಕೆ ನಾನು ಆಕೆಗೆ ಬದುಕಿರುವ ತನಕ ಋಣಿ. ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಚರ್ಮ ಕೆಂಪಾಗಿದೆಯಾ ಮೇಷ್ಟ್ರೇ?"

"ಕಿವಿಯ ಹಿಂದೆ ಉರಿ ಅಂತಿದ್ಲು."

"ಹಾಗಾದ್ರೆ ಇವತ್ತು ಬರೀ ತಣ್ಣೀರು ಸುರೀರಿ. ಎಣ್ಣೆ, ಕ್ರೀಮು ಏನೂ ಹಚ್ಚಬೇಡಿ. ನಾಳೆ ಮೊದಲು ಡಾಕ್ಟರು, ಆಮೇಲೆ ಕತ್ತರಿ." ಕುರ್ಚಿಯಲ್ಲಿದ್ದವಳ ಕಡೆ ತಿರುಗಿ, "ಕೇಳಿಸ್ಕೊಂಡ್ರಾ? ಗುಂಗುರು ಮಾಡೋ ಔಷಧೀನೂ ಅದೇ ಜಾತೀದು. ಬಾಚಿದ್ರೆ ನೇರ, ರೋಲರ್‌ಗೆ ಸುತ್ತಿದ್ರೆ ಸುರುಳಿ. ಕೂದಲಿಗೆ ಬೀಳೋ ಪೆಟ್ಟು ಎರಡರಲ್ಲೂ ಇದೆ. ನೀವು ಹೋದ ತಿಂಗಳು ತಾನೇ ಬಣ್ಣ ಹಾಕಿಸಿದ್ದು? ಇನ್ನೂ ಸ್ವಲ್ಪ ದಿನ ಹೋಗ್ಲಿ. ಒಂದು ಎಳೆ ಕತ್ತರಿಸಿ ಔಷಧೀಲಿ ಇಟ್ಟು ನೋಡಿ, ತಡಕೊಂಡ್ರೆ ಮಾತ್ರ ಮಾಡ್ತೀನಿ" ಅಂದಳು.

ನಾನು ಮೆಲ್ಲಗೆ ಕೇಳಿದೆ. "ಹಾಳಾದ ಕೂದಲನ್ನ ಏನಾದ್ರೂ ಹಚ್ಚಿ ಸರಿಮಾಡೋಕೆ ಆಗಲ್ವಾ?"

"ಮೇಷ್ಟ್ರೇ, ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಎಲ್ಲಿದೆ? ಅದು ಬಟ್ಟೆ ಇದ್ದ ಹಾಗೆ. ಸವೆದ ಮೇಲೆ ಇಸ್ತ್ರಿ ಮಾಡಬಹುದು, ಹೊಳಪು ಬರಿಸಬಹುದು, ಸವೆದ ನೂಲು ಮತ್ತೆ ಹೊಸದಾಗಲ್ಲ. ಬುಡದಲ್ಲಿ ಹೊಸದು ಬರ್ತದಲ್ಲ, ಅದನ್ನ ಕಾಯಬೇಕು ಅಷ್ಟೇ."

ಇಪ್ಪತ್ತಾರು ವರ್ಷ ನಾನು ಬೋರ್ಡಿನ ತುಂಬ ಬರೆದು ವಿವರಿಸಿದ್ದನ್ನು ಆಕೆ ಒಂದು ಹಳೆಯ ಬಟ್ಟೆಯಲ್ಲಿ ಮುಗಿಸಿದ್ದಳು.

ಸೋಮವಾರ ಚರ್ಮದ ಡಾಕ್ಟರ ಹತ್ತಿರ ಹೋದೆವು. ಕಾರು ಓಡಿಸಿದ್ದು ಇವಳೇ, ತಲೆಗೆ ಬಟ್ಟೆ ಕಟ್ಟಿಕೊಂಡು, ಒಂದೂ ಮಾತಾಡದೆ. ಡಾಕ್ಟರಮ್ಮ ದೀಪ ಹಿಡಿದು ತಲೆಯೆಲ್ಲ ನೋಡಿದರು. ಕಿವಿಯ ಹಿಂದೆ ರೂಪಾಯಿಯಗಲ ಸುಟ್ಟಿತ್ತು. ಅವರಿಗೆ ಸಿಟ್ಟು ಬಂತು.

"ಯಾವ ಪಾರ್ಲರ್ ಇದು? ಹೆಸರು ಹೇಳಿ, ನಾನೇ ಫೋನ್ ಮಾಡ್ತೀನಿ."

"ಪಾರ್ಲರ್ ಅಲ್ಲ ಡಾಕ್ಟ್ರೇ, ಮನೇಲಿ" ಅಂದಳು ಇವಳು.

"ಮನೇಲಿ? ಮಾಡಿದ್ದು ಯಾರು?"

ನಾನು ಕುರ್ಚಿಯಲ್ಲಿ ಆದಷ್ಟು ಸಣ್ಣಗಾದೆ. ನಿಮಗೆ ನನ್ನ ಹೆಂಡತಿಯ ವಿಷಯ ಪೂರ್ತಿ ಗೊತ್ತಿಲ್ಲ. ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದದ್ದು, ಮೂರನೇ ಸಲ ರಿವರ್ಸಿನಲ್ಲಿ ಹೋಗಿ ಹೂವಿನ ಅಂಗಡಿಯ ಬಕೆಟ್ಟುಗಳ ಮೇಲೆ ಹತ್ತಿಸಿದ್ದು, ಇಡೀ ಬೀದಿಗೆ ಗೊತ್ತು. ಬೀದಿಗೆ ಹೇಳಿದ್ದು ಇವಳೇ. ಹೊಸ ಶಿಷ್ಯರಿಗೆ ರಿವರ್ಸ್ ಪಾಠ ಶುರುಮಾಡುವುದೇ ಆ ಕಥೆಯಿಂದ. ನನ್ನ ಮಾನ ಕಾಪಾಡುವುದು ಅವಳ ಅಭ್ಯಾಸಗಳಲ್ಲಿ ಇಲ್ಲ.

"ನಾನೇ ಹಚ್ಕೊಂಡೆ ಡಾಕ್ಟ್ರೇ" ಅಂದಳು. "ಫೋನ್ ಬಂತು. ಹೊತ್ತು ಹೋದದ್ದು ಗೊತ್ತಾಗ್ಲಿಲ್ಲ."

ನಾನು ತಲೆಯೆತ್ತಿ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ನನಗೆ ಬೀಳಬೇಕಿದ್ದ ಬೈಗುಳವನ್ನೆಲ್ಲ ಡಾಕ್ಟರಮ್ಮ ಅವಳಿಗೆ ಬೈದರು. ಅವಳು 'ಹೌದು ಡಾಕ್ಟ್ರೇ, ತಪ್ಪಾಯ್ತು ಡಾಕ್ಟ್ರೇ' ಅನ್ನುತ್ತ ಕೇಳಿಸಿಕೊಂಡಳು. ಕೊನೆಗೆ ಅವರು ಮುಲಾಮು ಬರೆದು, "ನಿಮ್ಮ ಅದೃಷ್ಟ. ಬುಡಕ್ಕೆ ಏನೂ ಆಗಿಲ್ಲ. ತಿಂಗಳಿಗೆ ಅರ್ಧ ಇಂಚಿನ ಹಾಗೆ ಬೆಳೀತದೆ, ನಿಮ್ಮ ಹಳೇ ಗುಂಗುರೇ ಬರ್ತದೆ. ಒಂದು ವರ್ಷ ಈ ತಲೆಗೆ ಯಾವ ಔಷಧೀನೂ ತೋರಿಸಬೇಡಿ" ಅಂದರು. ಬುಡಕ್ಕೆ ಏನೂ ಆಗಿಲ್ಲ ಎಂಬ ಮಾತು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. "ನಿಮಗೂ ಅಲರ್ಜಿ ಇದೆಯಾ?" ಎಂದು ಡಾಕ್ಟರಮ್ಮ ನನ್ನನ್ನು ಕೇಳಿದರು.

ಕಾರಿನಲ್ಲಿ ಕೂತ ಮೇಲೆ ಕೇಳಿದೆ. "ಯಾಕೆ ಹಾಗೆ ಹೇಳ್ದೆ?"

ಇವಳು ಕನ್ನಡಿ ಸರಿಮಾಡಿಕೊಂಡಳು. ಒಂದೂವರೆ ದಿನದ ಮೌನ ಅಲ್ಲಿ ಮುರಿಯಿತು. "ಮತ್ತೇನು? ಗಡಿಯಾರ ತೋರಿಸಿದ್ರಿ, ನಾನೇ ಕೈ ಬೀಸ್ದೆ. ಆ ಅಕ್ಕ ಬೇಡ ಅಂದಾಗ್ಲೂ ಕೇಳ್ಲಿಲ್ಲ. ಎಲ್ಲ ನಿಮ್ಮ ತಲೆಗೇ ಕಟ್ಟೋಕೆ ಆಗ್ತದಾ?" ಗೇರ್ ಹಾಕಿ ಆಮೇಲೆ, "ಆದ್ರೆ ಆ ನರ್ಸಮ್ಮ ಮನೆ ಸೇರಿದ್ರಲ್ಲ ರೀ. ನಿನ್ನೆ ಸಾಯಂಕಾಲ ಮತ್ತೆ ಒಬ್ರೇ ಹೋಗಿ ಬಂದ್ರಂತೆ, ಅದೇ ವೃತ್ತ ಸುತ್ತಿ."

"ನಂಗೆ ನಿನ್ನ ಗುಂಗುರು ಅಂದ್ರೆ ಬಹಳ ಇಷ್ಟ ಇತ್ತು" ಅಂದೆ.

ಅವಳು ಬ್ರೇಕು ಹಾಕಿದಳು. ನಿಜವಾದ ಬ್ರೇಕು. ಹಿಂದಿನವನು ಹಾರ್ನು ಹೊಡೆದ.

"ಅದನ್ನ ಶನಿವಾರ ಹೇಳೋಕೆ ಏನಾಗಿತ್ತು ನಿಮಗೆ?" ಅಂದಳು. ಹತ್ತೊಂಬತ್ತು ವರ್ಷದ ಹೆಸರು ಅವತ್ತು ಕೂದಲೆಳೆಯಷ್ಟರಲ್ಲಿ ಉಳಿಯಿತು.

ಬುಧವಾರ ಅಕ್ಕ ಕತ್ತರಿ ಹಿಡಿದಳು. ಬಲಭಾಗದ ಉದ್ದ ಕೂದಲನ್ನು ಕತ್ತರಿಸುವ ಮೊದಲು ಇವಳ ಕೈಹಿಡಿದು, "ಕಣ್ಣು ಮುಚ್ಕೊಳ್ತೀರಾ ಮೇಡಂ?" ಎಂದು ಕೇಳಿದಳು. "ಕಣ್ಣು ಮುಚ್ಕೊಂಡು ನಾನು ಏನನ್ನೂ ಮಾಡಲ್ಲ" ಅಂದಳು ಇವಳು. ಬಿದ್ದ ಕೂದಲನ್ನು ಕೊನೆಯ ಎಳೆಯ ತನಕ ನೋಡಿದಳು. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಅವಳ ಕೈಚೀಲ ಹಿಡಿದುಕೊಂಡಿದ್ದೆ. ಅದಕ್ಕಿಂತ ದೊಡ್ಡ ಜವಾಬ್ದಾರಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಎರಡು ಬೆರಳು ಉದ್ದದ ಕೂದಲು ಉಳಿಯಿತು. ಔಷಧಿ ತಾಗದ ಬಲಗಡೆ ಅದು ಆಗಲೇ ಪುಟ್ಟಪುಟ್ಟ ಸುರುಳಿಯಾಗಿ ಎದ್ದಿತ್ತು. ಎಡಗಡೆಯನ್ನು ಅಕ್ಕ ಏನೇನೋ ಚಮತ್ಕಾರ ಮಾಡಿ ಹೊಂದಿಸಿದ್ದಳು. ಕಿವಿ, ಕುತ್ತಿಗೆ, ಹಣೆ, ಇವೆಲ್ಲ ಇವಳಿಗೆ ಇದ್ದವು ಅಂತ ನನಗೆ ಆಗಲೇ ಗೊತ್ತಾದದ್ದು. ಇವಳು ಕನ್ನಡಿಯಲ್ಲಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹಿಂದಕ್ಕೆ ತಿರುಗಿ ನೋಡಿದಳು. "ಏನೂ ಅಡ್ಡ ಇಲ್ಲ. ಎಲ್ಲ ಕಾಣ್ತದೆ" ಎಂದು ಹೇಳಿ ಮೊದಲ ಸಲ ನಕ್ಕಳು. ಅಕ್ಕ ಮುಖ ಆಚೆ ತಿರುಗಿಸಿ ಬಾಚಣಿಗೆ ಒರೆಸಿದಳು.

ಗುರುವಾರ ಮಾಲೀಕರು ಅವಳನ್ನು ನೋಡಿ ಗಾಬರಿಯಾದರಂತೆ. "ಫೋಟೋ ಆರು ತಿಂಗಳು ಮುಂದಕ್ಕೆ ಹಾಕೋಣವಾ?" ಅಂದರಂತೆ. "ಇವತ್ತೇ ತೆಗೀರಿ. ನಾನು ಕಲಿಸೋದು ಕಾರು" ಅಂದಳಂತೆ ಇವಳು. ಈಗ ಆರು ಕಾರಿನ ಬಾಗಿಲ ಮೇಲೂ ಅವಳಿದ್ದಾಳೆ, ಗಿಡ್ಡ ಕೂದಲು, ಅಗಲ ನಗು. ಫೋಟೋ ಬಂದ ಮೇಲೆ ಕಲಿಯಲು ಬರುವ ಹೆಂಗಸರು ಹೆಚ್ಚಾಗಿದ್ದಾರೆ. ಏನಾಯ್ತು ಕೂದಲಿಗೆ ಎಂದು ಬೀದಿಯವರು ಕೇಳಿದರೆ, "ಮನಸ್ಸು ಬಂತು, ಕತ್ತರಿಸ್ದೆ" ಅನ್ನುತ್ತಾಳೆ. ನನ್ನ ವಿಷಯ ಎತ್ತುವುದಿಲ್ಲ. ಈ ಒಂದು ವಿಷಯ ಎತ್ತುವುದಿಲ್ಲ. ಹೂವಿನ ಅಂಗಡಿಯ ಕಥೆ ಈಗಲೂ ಇದೆ.

ಇಲ್ಲಿಗೇ ಮುಗಿದಿದ್ದರೆ ನಾನು ಮಾನವಂತನಾಗಿ ಉಳಿಯುತ್ತಿದ್ದೆ.

ತಿಂಗಳು ಕಳೆದ ಮೇಲೆ ಒಂದು ದಿನ ಲ್ಯಾಬಿನಲ್ಲಿ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನ ಐವರು ಪಿಸುಗುಡುತ್ತಿದ್ದರು. ಬೀಳ್ಕೊಡುಗೆಯ ದಿನಕ್ಕೆ ಎಲ್ಲರೂ ಕೂದಲು ನೇರ ಮಾಡಿಕೊಳ್ಳುತ್ತಾರಂತೆ. ಪಾರ್ಲರಿಗಲ್ಲ, ಒಬ್ಬಳ ಮನೆಯಲ್ಲಿ, ಒಂದೇ ಡಬ್ಬಿ ತಂದು ಐದು ತಲೆಗೆ. ಅವರು ಹೇಳಿದ ಡಬ್ಬಿಯ ಬಣ್ಣ ಕೇಳಿದೊಡನೆ ನನ್ನ ಮೂಗಿಗೆ ಕೊಳೆತ ಮೊಟ್ಟೆ ಬಡಿಯಿತು.

ಮನೆಗೆ ಬಂದು ಇವಳಿಗೆ ಹೇಳಿದೆ. "ಹೇಳಿ ಅವರಿಗೆ" ಅಂದಳು. "ಹೇಳದೆ ಇದ್ರೆ ತಪ್ಪು. ಆದ್ರೆ ನನ್ನ ತಲೆ ಅಂತ ಗೊತ್ತಾಗಬಾರದು. ಆ ಕ್ಲಾಸಲ್ಲಿ ಅರ್ಧ ಹುಡುಗೀರ ಅಮ್ಮಂದಿರು ನನ್ನ ಶಿಷ್ಯರು. ಒಂದು ಗಡಿಯಾರ ನೋಡೋಕೆ ಬರದವಳು ಕಾರು ಹೇಗೆ ಕಲಿಸ್ತಾಳೆ ಅಂತಾರೆ."

ಮರುದಿನ ನಾನು ಪಾಠ ಬದಿಗಿಟ್ಟೆ. ಬೋರ್ಡಿನ ಮೇಲೆ ಏಣಿ ಬರೆದೆ. ಔಷಧಿ, ಬಣ್ಣ, ಇಪ್ಪತ್ತು ನಿಮಿಷ, ನಲವತ್ತೇಳು ನಿಮಿಷ, ಬಬಲ್ ಗಮ್ಮು, ಸುಟ್ಟ ಚರ್ಮ, ಎಲ್ಲ ಹೇಳಿದೆ. ಬೇಕಾದರೆ ಬಲ್ಲವರ ಹತ್ತಿರ ಹೋಗಿ, ಒಂದು ಎಳೆಯಲ್ಲಿ ಪರೀಕ್ಷೆ ಮಾಡಿಸಿ, ಅವರು ಬೇಡ ಅಂದರೆ ಬೇಡ ಅನ್ನುವುದನ್ನು ಕಲಿಯಿರಿ ಅಂದೆ. "ಇದು ಕಟ್ಟುಕಥೆಯಲ್ಲ. ನಮ್ಮ ಮನೆಯಲ್ಲೇ ಒಬ್ಬರಿಗೆ ಆದದ್ದು. ಅವರು ಯಾರು ಅಂತ ಕೇಳಬೇಡಿ" ಎಂದು ಮುಗಿಸುವಾಗ ನನ್ನ ದನಿ ಒಡೆಯಿತು.

ಹಿಂದಿನ ಬೆಂಚಿನ ಐವರಲ್ಲಿ ಒಬ್ಬ ಹುಡುಗಿ ಮೆಲ್ಲಗೆ ಎದ್ದು ನಿಂತಳು. ಅವಳ ಕಣ್ಣು ತುಂಬಿತ್ತು.

"ಸರ್... ಆ ಒಬ್ಬರು ನೀವೇ ಅಲ್ವಾ ಸರ್?"

ನಲವತ್ತೆರಡು ಜೊತೆ ಕಣ್ಣು ನನ್ನ ತಲೆಯ ಮೇಲೆ ನಿಂತವು.

ಓದುಗರೇ, ಇಷ್ಟು ಹೊತ್ತು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನನ್ನ ತಲೆಯ ಮೇಲೆ ಕೂದಲಿಲ್ಲ. ಮೂವತ್ತೊಂದನೇ ವಯಸ್ಸಿನಿಂದ ಇಲ್ಲ. ನನ್ನ ಅಪ್ಪನಿಗೂ ಇರಲಿಲ್ಲ, ಅಜ್ಜನಿಗೂ ಇರಲಿಲ್ಲ. ಯಾವ ಔಷಧಿಯ ಪ್ರಮೇಯವೂ ಇಲ್ಲದೆ, ವಂಶಪಾರಂಪರ್ಯವಾಗಿ, ಸ್ವಚ್ಛವಾಗಿ ಇಲ್ಲ.

ಅಲ್ಲ ಅನ್ನಲು ಬಾಯಿ ತೆರೆದೆ. ನಾನಲ್ಲ ಅಂದರೆ ಮತ್ತೆ ಯಾರು? ನಮ್ಮ ಮನೆಯಲ್ಲಿ ಇರುವವರು ಮೂವರು. ಮಗಳ ಜಡೆ ಊರಿಗೇ ಕಾಣುತ್ತದೆ. ಇವಳ ಗಿಡ್ಡ ಕೂದಲು ಆರು ಕಾರಿನ ಮೇಲೆ ಓಡಾಡುತ್ತಿದೆ. ಡಾಕ್ಟರ ಮುಂದೆ 'ನಾನೇ ಹಚ್ಕೊಂಡೆ' ಅಂದ ಆ ದನಿ ನೆನಪಾಯಿತು.

"ಹೌದಮ್ಮ" ಅಂದೆ. "ನಾನೇ."

ಐವರೂ ಡಬ್ಬಿಯ ಯೋಚನೆ ಬಿಟ್ಟರು. ಸುದ್ದಿ ಸಂಜೆಯೊಳಗೆ ಊರು ಮುಟ್ಟಿತು. ಹೆಡ್‌ಮಿಸ್ ನನ್ನ ಧೈರ್ಯವನ್ನು ಹೊಗಳಿ ಒಂದು ಟೋಪಿ ಕೊಟ್ಟರು. ಪಾರ್ಲರಿನ ಅಕ್ಕ ಹಟ ಹಿಡಿಯುವ ಗಿರಾಕಿಗಳನ್ನು ಬಾಗಿಲಿಗೆ ಕರೆದುಕೊಂಡು ಬಂದು, ಬೀದಿಯಲ್ಲಿ ಹೋಗುತ್ತಿರುವ ನನ್ನನ್ನು ತೋರಿಸುತ್ತಾಳೆ. ಆಕೆಗೆ ನಿಜ ಗೊತ್ತು. ಆದರೂ ತೋರಿಸುತ್ತಾಳೆ. ನಾನೂ ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ.

ಮೊನ್ನೆ ಪೋಷಕರ ಸಭೆ ಮುಗಿಸಿ ಹೊರಗೆ ಬಂದೆ. ಇವಳು ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಆ ಹಿಂದಿನ ಬೆಂಚಿನ ಹುಡುಗಿಯ ತಾಯಿ ಓಡಿಬಂದು ಕೈಮುಗಿದರು.

"ಸರ್, ನೀವು ಬಾಯಿಬಿಟ್ಟು ಹೇಳದೇ ಇದ್ದಿದ್ರೆ ನನ್ನ ಮಗಳ ತಲೆ ಏನಾಗ್ತಿತ್ತೋ. ನಿಮ್ಮ ಉಪಕಾರ ಮರೆಯಲ್ಲ." ಆಮೇಲೆ ನನ್ನ ಟೋಪಿಯ ಕಡೆ ನೋಡಿ, ದನಿ ತಗ್ಗಿಸಿ, "ಕೇಳಬಾರದು... ಮೊದಲು ನಿಮ್ಮದು ಎಷ್ಟು ಉದ್ದ ಇತ್ತು ಸರ್?"

ಅಷ್ಟರಲ್ಲಿ ಕಾರಿನ ಕಿಟಕಿ ಇಳಿಯಿತು.

"ಮೊಣಕಾಲು ಮುಟ್ತಿತ್ತು ಪಾಪ" ಅಂದಳು ನನ್ನ ಹೆಂಡತಿ. "ಬಾಚಿ ಜಡೆ ಹಾಕೋದ್ರಲ್ಲೇ ನಂಗೆ ಬೆಳಗ್ಗೆ ಅರ್ಧ ಗಂಟೆ ಹೋಗ್ತಿತ್ತು."

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಟೋಪಿ ತೆಗೆದು, ತಲೆ ಬಾಗಿಸಿ, ಹೌದೆಂದೆ.